ಓದುಗರ ಪ್ರಶ್ನೆ: ಹಳೆಯ ಜಿಪ್ಸಿಯ ನಡುಕಕ್ಕೆ ಮದ್ದೇನು?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಮಲೆನಾಡು ಮತ್ತು ಕರಾವಳಿಯವು. ಮೃಗಶಿರಾ ಮಳೆ ಹಿಡಿಯುವುದರೊಳಗೆ ಗಾಡಿಯನ್ನು ಒಂದು ಹದಕ್ಕೆ ತಂದುಕೊಳ್ಳಬೇಕೆಂಬ ಅವಸರ ಅವುಗಳಲ್ಲಿ ಎದ್ದು ಕಾಣುತ್ತದೆ. ಒಂದೇ ವಿಷಯದ ಪತ್ರಗಳನ್ನು ಸೇರಿಸಿ, ಮನೆಯಂಗಳದಲ್ಲಿ ಮಾಡಬಹುದಾದ ಕೆಲಸಗಳಿಗೆ ಆದ್ಯತೆ ಕೊಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರು 1998ರಲ್ಲಿ ಕೊಂಡ ಮಾರುತಿಯ ಜಿಪ್ಸಿ ಕಿಂಗ್ ಜೀಪು ಈಗ ನನ್ನ ಪಾಲಿಗೆ ಬಂದಿದೆ. ಗಂಟೆಗೆ ಐವತ್ತು ಕಿಲೋಮೀಟರ್ ದಾಟಿದ ಮೇಲೆ ಮುಂದಿನ ಚಕ್ರ ಗುಂಡಿಗೆ ಬಿದ್ದರೆ ಸ್ಟೀರಿಂಗು ಎರಡೂ ಕೈಗಳನ್ನು ಕೊಡವಿ ಹಾಕುವಷ್ಟು ನಡುಗುತ್ತದೆ, ಪೂರ್ತಿ ನಿಲ್ಲಿಸಿದ ಹೊರತು ಆ ನಡುಕ ಅಡಗುವುದಿಲ್ಲ. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ಸಾಕೆಂದು ನಮ್ಮ ಮೆಕ್ಯಾನಿಕ್ ಹೇಳುತ್ತಾರೆ. ಹಾಕಿಸಲೇ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಸದ್ಯಕ್ಕೆ ಬೇಡ. ಡ್ಯಾಂಪರ್ ನಡುಕವನ್ನು ನುಂಗುತ್ತದೆಯೇ ಹೊರತು ಅದು ಹುಟ್ಟುವ ಜಾಗವನ್ನು ಸರಿಪಡಿಸುವುದಿಲ್ಲ. ಆರು ತಿಂಗಳು ಗಾಡಿ ಸುಮ್ಮನಿರುತ್ತದೆ, ಅಷ್ಟರಲ್ಲಿ ಸವೆದ ಭಾಗ ಇನ್ನಷ್ಟು ಸವೆದು ಡ್ಯಾಂಪರಿನ ಕೈಮೀರುತ್ತದೆ. ಜಿಪ್ಸಿಯ ಮುಂದಿನ ಆಕ್ಸಲ್ ಒಂದೇ ಅಖಂಡ ಕೊಳವೆಯಾಗಿದ್ದು ಲೀಫ್ ಸ್ಪ್ರಿಂಗುಗಳ ಮೇಲೆ ಕೂತಿರುವುದರಿಂದ ಎಡಚಕ್ರಕ್ಕೆ ಬಿದ್ದ ಪೆಟ್ಟು ಬಲಚಕ್ರಕ್ಕೂ ಮುಟ್ಟುತ್ತದೆ. ನಡುವೆ ಎಲ್ಲಾದರೂ ಸಡಿಲವಿದ್ದರೆ ಎರಡೂ ಚಕ್ರಗಳು ಒಂದನ್ನೊಂದು ಕೆಣಕುತ್ತ ಕುಣಿಯತೊಡಗುತ್ತವೆ. ಇಷ್ಟು ವಯಸ್ಸಾದ ಜಿಪ್ಸಿಯಲ್ಲಿ ನಾನು ಮೊದಲು ಅನುಮಾನಿಸುವುದು ಕಿಂಗ್ ಪಿನ್ ಬೇರಿಂಗುಗಳನ್ನು, ಅಂದರೆ ಚಕ್ರವನ್ನು ಎಡಕ್ಕೆ ಬಲಕ್ಕೆ ತಿರುಗಗೊಡುವ ಮೇಲಿನ ಮತ್ತು ಕೆಳಗಿನ ಪುಟ್ಟ ಬೇರಿಂಗುಗಳನ್ನು.

ಅನುಮಾನವನ್ನು ಕಾಸು ಖರ್ಚಿಲ್ಲದೆ ಪರೀಕ್ಷಿಸಬಹುದು. ಸಮತಟ್ಟಾದ ಅಂಗಳದಲ್ಲಿ ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಆಕ್ಸಲ್ಲಿನ ಕೆಳಗೆ ಜಾಕಿ ಇಟ್ಟು ಒಂದು ಚಕ್ರವನ್ನು ನೆಲದಿಂದ ಎತ್ತಿ, ಸ್ಟ್ಯಾಂಡಿನ ಮೇಲೆ ಕೂರಿಸಿ. ಟೈರನ್ನು ಮೇಲೊಂದು ಕೆಳಗೊಂದು ಕೈಯಿಂದ ಹಿಡಿದು ಒಳಕ್ಕೂ ಹೊರಕ್ಕೂ ಅಲುಗಾಡಿಸಿ. 'ಟಕ್ ಟಕ್' ಎಂದು ಆಟ, ಅಂದರೆ ಸಡಿಲ, ಕಂಡುಬಂದರೆ ಮನೆಯವರೊಬ್ಬರನ್ನು ಒಳಗೆ ಕೂರಿಸಿ ಬ್ರೇಕ್ ಪೆಡಲನ್ನು ಗಟ್ಟಿಯಾಗಿ ತುಳಿಯಲು ಹೇಳಿ ಮತ್ತೊಮ್ಮೆ ಅಲುಗಾಡಿಸಿ. ಬ್ರೇಕ್ ತುಳಿದಾಗ ಆಟ ನಿಂತರೆ ಅದು ಚಕ್ರದ ಬೇರಿಂಗಿನ ಆಟ, ತುಳಿದರೂ ಉಳಿದರೆ ಕಿಂಗ್ ಪಿನ್ನಿನದು. ಬಳಿಕ ಟೈರನ್ನು ಎಡಬಲಗಳಿಂದ ಹಿಡಿದು ಅಲುಗಾಡಿಸುವಾಗ ಇನ್ನೊಬ್ಬರು ಸ್ಟೀರಿಂಗನ್ನು ಚಕ್ರಗಳಿಗೆ ಜೋಡಿಸುವ ಸರಳುಗಳಾದ ಟೈ ರಾಡ್ ಮತ್ತು ಡ್ರ್ಯಾಗ್ ಲಿಂಕಿನ ತುದಿಗಳ ಮೇಲೆ ಬೆರಳಿಟ್ಟುಕೊಂಡಿರಲಿ. ಕಣ್ಣಿಗೆ ಕಾಣದ ಸಡಿಲ ಬೆರಳಿಗೆ ಚೆನ್ನಾಗಿ ತಿಳಿಯುತ್ತದೆ.

ಕಿಂಗ್ ಪಿನ್ನೇ ಎಂದು ಖಾತ್ರಿಯಾದರೆ ಅದು ತಾಳ್ಮೆಯುಳ್ಳವರಿಗೆ ಎರಡು ಭಾನುವಾರಗಳ ಕೆಲಸ. ಚಕ್ರ ಬಿಚ್ಚಿದ ಮೇಲೆ ಬ್ರೇಕ್ ಕ್ಯಾಲಿಪರನ್ನು ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ ತೂಗುಹಾಕಿ. ಹೋಸಿನಲ್ಲಿ ಜೋತುಬಿಟ್ಟರೆ ಹೊರಗೆ ಏನೂ ಕಾಣದಿದ್ದರೂ ಒಳಪದರ ಸೀಳಿರುತ್ತದೆ. ಹಬ್, ಸ್ಪಿಂಡಲ್, ಆಕ್ಸಲ್ ಶಾಫ್ಟ್ ಕಳಚಿದ ಬಳಿಕ ಚಕ್ರವನ್ನು ಹೊತ್ತು ಎಡಬಲಕ್ಕೆ ತಿರುಗುವ ನಕ್ಕಲ್ಲಿನ ಹಿಂಭಾಗದ ಸೀಲಿನ ಬೋಲ್ಟುಗಳನ್ನೂ, ಮೇಲೆ ನಾಲ್ಕು ಕೆಳಗೆ ನಾಲ್ಕು ಇರುವ ಕಿಂಗ್ ಪಿನ್ ಬೋಲ್ಟುಗಳನ್ನೂ ಬಿಚ್ಚಬೇಕು. ಪಿನ್ನಿನ ಅಡಿಯಲ್ಲಿ ಕಾಗದದಷ್ಟು ತೆಳುವಾದ ತಗಡಿನ ಬಿಲ್ಲೆಗಳು, ಅಂದರೆ ಶಿಮ್ಮುಗಳಿರುತ್ತವೆ. ಮೇಲಿನವು, ಕೆಳಗಿನವು, ಎಡದವು, ಬಲದವು ಎಂದು ನಾಲ್ಕು ಬೇರೆ ಬೇರೆ ಡಬ್ಬಿಗಳಲ್ಲಿಟ್ಟು ಮುಚ್ಚಳದ ಮೇಲೆ ಬರೆದಿಡಿ. ಹಳೆಯ ಬೇರಿಂಗ್ ಹೊರಬಂದಾಗ ಆಕ್ಸಲ್ಲಿನಲ್ಲೇ ಉಳಿಯುವ ಕಪ್ಪಿನೊಳಗೆ, ಅಂದರೆ ಬೇರಿಂಗಿನ ಹೊರಬಳೆಯೊಳಗೆ, ಬೆರಳಾಡಿಸಿ ನೋಡಿ. ಉರುಳೆಗಳು ಒಂದೇ ಜಾಗದಲ್ಲಿ ವರ್ಷಗಟ್ಟಲೆ ಕುಟ್ಟಿ, ರಾಗಿ ಕಲ್ಲಿನ ಹಲ್ಲಿನ ಹಾಗೆ ಸಾಲಾಗಿ ಗೆರೆ ಕೊರೆದಿರುವುದು ತಿಳಿಯುತ್ತದೆ. ನಿಮ್ಮ ನಡುಕ ಹುಟ್ಟುವುದು ಆ ಗೆರೆಗಳಲ್ಲೇ. ಕಪ್ಪುಗಳನ್ನು ಹಿತ್ತಾಳೆಯ ಪಂಚಿನಿಂದ ಸುತ್ತಲೂ ಸಮನಾಗಿ ತಟ್ಟಿ ಹೊರತೆಗೆದು ಬೇರಿಂಗಿನ ಜೊತೆಗೇ ಬದಲಾಯಿಸಿ. ಹಳೆಯ ಕಪ್ಪಿಗೆ ಹೊಸ ಬೇರಿಂಗು ಕೂರಿಸಿದರೆ ಕೆಲಸವೆಲ್ಲ ವ್ಯರ್ಥ.

ಜೋಡಿಸುವಾಗ ಬಿಗಿ ಎಷ್ಟಿರಬೇಕೆಂಬುದೇ ಈ ಕೆಲಸದ ತಿರುಳು. ಶಿಮ್ ಕಡಿಮೆಯಾದಷ್ಟೂ ಬಿಗಿ ಹೆಚ್ಚು. ಹಿಂದಿನ ಸೀಲನ್ನು ಹಾಕುವ ಮೊದಲು, ಟೈ ರಾಡ್ ಕೂರುವ ತೂತಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದರೆ ನಕ್ಕಲ್ ಸರಿಸುಮಾರು ಒಂದರಿಂದ ಎರಡು ಕಿಲೋ ಒಳಗಿನ ಎಳೆತಕ್ಕೆ ತಿರುಗತೊಡಗಬೇಕು. ಇದಕ್ಕೆ ತೋಟದಲ್ಲಿ ಕಾಫಿ ಹಣ್ಣು ತೂಗುವ ದೊಡ್ಡ ತಕ್ಕಡಿ ಪ್ರಯೋಜನಕ್ಕೆ ಬಾರದು, ಮೀನು ಮಾರುವವರ ಬಳಿ ಇರುವಂಥ ಸಣ್ಣದು ಬೇಕು. ಈ ಅಳತೆಯನ್ನು ಬಿಟ್ಟು ಕೈ ಅಂದಾಜಿನಲ್ಲಿ ಬಿಗಿ ಮಾಡಿದ ಗಾಡಿಗಳು ನಡುಗುವುದನ್ನು ನಿಲ್ಲಿಸಿ, ತಿರುವಿನಿಂದ ಸ್ಟೀರಿಂಗು ತಾನಾಗಿ ನೇರಕ್ಕೆ ಮರಳದಷ್ಟು ಗಡುಸಾಗಿರುವುದನ್ನು ನಾನು ಕಂಡಿದ್ದೇನೆ. ಇಷ್ಟರ ಮೇಲೆ ಚಕ್ರಗಳ ಬ್ಯಾಲೆನ್ಸಿಂಗ್ ಮಾಡಿಸಿ, ಲೀಫ್ ಸ್ಪ್ರಿಂಗಿನ ತುದಿಯ ಶ್ಯಾಕಲ್ ಬುಷ್ಷುಗಳನ್ನು ನೋಡಿ, ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟುಗಳನ್ನು ಬಿಗಿಗೊಳಿಸಿ. ಆಮೇಲೂ ನಿಮಗೆ ಡ್ಯಾಂಪರ್ ಬೇಕೆನ್ನಿಸಿದರೆ ಹಾಕಿಸಲು ನನ್ನ ಅಡ್ಡಿಯಿಲ್ಲ.

ಪ್ರಶ್ನೆ: ನಾನು ತೋಟ ನೋಡಿಕೊಳ್ಳುವ ಗೃಹಿಣಿ. ಗ್ಯಾರೇಜಿಗೆ ಗಾಡಿ ಒಯ್ದರೆ ಇಡೀ ದಿನ ಹಾಳಾಗುವುದರಿಂದ ಸಣ್ಣಪುಟ್ಟ ಕೆಲಸಗಳನ್ನು ನಾನೇ ಕಲಿಯಬೇಕೆಂದಿದ್ದೇನೆ. ಯಾವ ಸಾಮಾನುಗಳನ್ನು ಮೊದಲು ಕೊಳ್ಳಬೇಕು?
— ಓದುಗರೊಬ್ಬರು, ಕೊಪ್ಪ

ಉತ್ತರ: ಒಂದು ಜೊತೆ ಒಳ್ಳೆಯ ಜಾಕಿ ಸ್ಟ್ಯಾಂಡುಗಳನ್ನು, ಸ್ಪ್ಯಾನರುಗಳಿಗಿಂತಲೂ ಮೊದಲು. ಜಾಕಿ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ನಮ್ಮ ಕಡೆ ಕೈಗೆ ಸುಲಭವಾಗಿ ಸಿಗುವ ಜಂಬಿಟ್ಟಿಗೆಯನ್ನೋ ಸಿಮೆಂಟ್ ಬ್ಲಾಕನ್ನೋ ಗಾಡಿಯ ಅಡಿಗೆ ಕೊಡುವ ಅಭ್ಯಾಸವಿದೆ. ಅವು ಯಾವ ಮುನ್ಸೂಚನೆಯನ್ನೂ ಕೊಡದೆ ಸಿಡಿದು ಪುಡಿಯಾಗುತ್ತವೆ, ಅವುಗಳನ್ನು ನಂಬಿ ಕೆಳಗೆ ನುಸುಳಬೇಡಿ. ಅದಾದ ಮೇಲೆ ರಿಂಗ್ ಸ್ಪ್ಯಾನರ್ ಮತ್ತು ಸಾಕೆಟ್ ಸೆಟ್, ಗ್ರೀಸ್ ಗನ್, ಟಾರ್ಕ್ ರೆಂಚ್ ಹಾಗೂ ಅಗ್ಗದ್ದಾದರೂ ಸರಿ, ಒಂದು ಮಲ್ಟಿಮೀಟರ್ ಸಾಕು. ತುಕ್ಕು ಹಿಡಿದ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಸಡಿಲಿಸುವ ಎಣ್ಣೆ ಹೊಡೆದಿಟ್ಟರೆ ಮರುದಿನದ ಅರ್ಧ ಜಗಳ ತಪ್ಪುತ್ತದೆ. ಮೊದಲ ಪಾಠವಾಗಿ, ಎಂಜಿನ್ನಿನ ಶಕ್ತಿಯನ್ನು ಆಕ್ಸಲ್ಲಿಗೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಗ್ರೀಸ್ ನಿಪ್ಪಲ್ಲುಗಳನ್ನು ಒಂದೊಂದಾಗಿ ಹುಡುಕಿ, ಮಣ್ಣು ಒರೆಸಿ, ಹಳೆಯ ಗ್ರೀಸು ಹೊರಗಿಣುಕುವವರೆಗೆ ಹೊಸದನ್ನು ತುಂಬಿ. ಗಾಡಿಯ ಅಡಿಭಾಗದ ಪರಿಚಯ ಆಗುವುದೇ ಈ ಕೆಲಸದಲ್ಲಿ.

ಪ್ರಶ್ನೆ: ಹೋದ ವರ್ಷ ಆರಿದ್ರಾ ಮಳೆಯಲ್ಲಿ ನಾಲ್ಕಾರು ಸಲ ಹೊಳೆ ದಾಟಿದ ನಂತರ ಹಿಂದಿನ ಆಕ್ಸಲ್ಲಿನ ನಡುವೆ ಗೇರುಗಳಿರುವ ಹೌಸಿಂಗಿನ ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಸೀಲ್ ಬದಲಾಯಿಸಿದೆ, ಎಣ್ಣೆಯನ್ನೂ ಬದಲಾಯಿಸಿದೆ. ಮತ್ತೆ ಅದೇ ಕತೆ. ಸೀಲ್ ಕಳಪೆಯದೇ?
— ಓದುಗರೊಬ್ಬರು, ಸಿದ್ದಾಪುರ

ಉತ್ತರ: ಸೀಲಿನ ಮೇಲೆ ತಪ್ಪು ಹೊರಿಸುವ ಮೊದಲು ಹೌಸಿಂಗಿನ ನೆತ್ತಿಯ ಮೇಲಿರುವ ಗಾಳಿಕಿಂಡಿಯನ್ನು, ಅಂದರೆ ಬ್ರೀದರನ್ನು ನೋಡಿ. ಓಡಿ ಬಂದ ಗಾಡಿಯ ಹೌಸಿಂಗು ಕೈಯಿಡಲಾಗದಷ್ಟು ಬಿಸಿಯಾಗಿರುತ್ತದೆ, ಅದರೊಳಗಿನ ಗಾಳಿಯೂ ಹಿಗ್ಗಿರುತ್ತದೆ. ಅದು ತಣ್ಣನೆಯ ಹೊಳೆನೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ ಹೊರಗಿನಿಂದ ಏನನ್ನಾದರೂ ಎಳೆದುಕೊಳ್ಳಲೇಬೇಕಾಗುತ್ತದೆ. ಬ್ರೀದರ್ ಮಣ್ಣು ಕಟ್ಟಿ ಮುಚ್ಚಿಹೋಗಿದ್ದರೆ ಸೀಲಿನ ತುಟಿಯ ಮೂಲಕ ನೀರು ಒಳಬರುತ್ತದೆ. ಬ್ರೀದರ್ ತೆರೆದಿದ್ದು ಅದೂ ನೀರಿನಲ್ಲಿ ಮುಳುಗಿದ್ದರೆ ಅಲ್ಲಿಂದಲೇ ಬರುತ್ತದೆ. ನೀರನ್ನು ತಡೆಯುವುದಷ್ಟೇ ಸೀಲಿನ ಕೆಲಸ, ಎಳೆತ ಹುಟ್ಟಿದ ಮೇಲೆ ಎಷ್ಟೇ ಒಳ್ಳೆಯ ಸೀಲೂ ಸೋಲುತ್ತದೆ.

ಪರಿಹಾರ ಅಗ್ಗದ್ದು. ಬ್ರೀದರನ್ನು ಕಳಚಿ, ಅದರ ಜಾಗದಲ್ಲಿ ಹೋಸ್ ಸಿಕ್ಕಿಸುವ ನಿಪ್ಪಲ್ ಕೂರಿಸಿ, ಎಣ್ಣೆ ತಾಳುವ ರಬ್ಬರ್ ಹೋಸನ್ನು ಚಾಸಿಯ ಗುಂಟ ಕಟ್ಟಿಕೊಂಡು ಬಂದು ಅದರ ತುದಿಯನ್ನು ಬಾನೆಟ್ಟಿನೊಳಗೆ ಎತ್ತರದ ಜಾಗಕ್ಕೆ ಒಯ್ದು, ಬಾಯಿ ಕೆಳಮುಖವಾಗಿರುವಂತೆ ಬಿಡಿ. ಆಕ್ಸಲ್ ಮೇಲೆ ಕೆಳಗೆ ಆಡುವುದರಿಂದ ಹೋಸಿನಲ್ಲಿ ಒಂದಿಷ್ಟು ಸಡಿಲವಿರಲಿ, ಸೈಲೆನ್ಸರಿನಿಂದ ದೂರವಿರಲಿ. ಮುಂದಿನ ಆಕ್ಸಲ್ಲಿಗೂ ಇದನ್ನೇ ಮಾಡಿ. ಹಳೆಯ ಗಾಡಿಗೆ ಮಾಡಬಹುದಾದ ಸುಧಾರಣೆಗಳಲ್ಲಿ ಇಷ್ಟು ಕಡಿಮೆ ಹಣಕ್ಕೆ ಇಷ್ಟು ಲಾಭ ಕೊಡುವ ಇನ್ನೊಂದನ್ನು ನಾನು ಕಾಣೆ.

ಎಣ್ಣೆ ಬದಲಾಯಿಸುವಾಗ ತುಂಬುವ ಪ್ಲಗ್ಗನ್ನು ಮೊದಲು ಬಿಚ್ಚಿ, ಅದು ಬಿಚ್ಚಿತೆಂದು ಖಾತ್ರಿಯಾದ ಮೇಲಷ್ಟೇ ಕೆಳಗಿನದನ್ನು ಬಿಚ್ಚಿ. ಎಣ್ಣೆಯೆಲ್ಲ ಇಳಿದುಹೋದ ಮೇಲೆ ಮೇಲಿನ ಪ್ಲಗ್ ಕಚ್ಚಿಕೊಂಡಿದೆಯೆಂದು ತಿಳಿದರೆ ಗಾಡಿ ನಿಂತಲ್ಲೇ ನಿಲ್ಲುತ್ತದೆ. ಸಮನೆಲದಲ್ಲಿ ತುಂಬುವ ತೂತಿನ ಅಂಚಿನಿಂದ ಎಣ್ಣೆ ಹೊರಚೆಲ್ಲುವವರೆಗೆ ತುಂಬಿದರೆ ಅಳತೆ ಸರಿಯಾಗುತ್ತದೆ. ಹೊಳೆ ದಾಟಿದ ಮರುದಿನ ಬೆಳಿಗ್ಗೆ, ಗಾಡಿಯನ್ನು ಚಾಲೂ ಮಾಡುವ ಮೊದಲು ಕೆಳಗಿನ ಪ್ಲಗ್ಗನ್ನು ಕೊಂಚವೇ ಸಡಿಲಿಸಿ ನೋಡುವುದು ಒಳ್ಳೆಯದು. ನೀರು ಎಣ್ಣೆಗಿಂತ ಭಾರವಾದ್ದರಿಂದ ರಾತ್ರಿಯಿಡೀ ತಳದಲ್ಲಿ ಕೂತಿರುತ್ತದೆ, ಇದ್ದರೆ ಮೊದಲ ಹನಿಗಳಲ್ಲೇ ಕಾಣುತ್ತದೆ.

ಇನ್ನೊಂದು ಮಾತನ್ನು ನನ್ನ ಸ್ವಂತ ನಷ್ಟದಿಂದ ಹೇಳುತ್ತೇನೆ. ಹೌಸಿಂಗಿಗೆ ಜಿಎಲ್-5 ದರ್ಜೆಯ ಎಣ್ಣೆ ಬೇಕು, ಏಕೆಂದರೆ ಅದರೊಳಗಿನ ಕ್ರೌನ್ ಮತ್ತು ಪಿನಿಯನ್ ಗೇರುಗಳ ಹಲ್ಲುಗಳು ಒಂದರ ಮೇಲೊಂದು ಜಾರುತ್ತ ಒತ್ತುತ್ತವೆ. ಗೇರ್‌ಬಾಕ್ಸಿಗೆ ಬೇಕಾದದ್ದು ಜಿಎಲ್-4. ವರ್ಷಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ನನ್ನ ಗಾಡಿಯ ಎರಡಕ್ಕೂ ಒಂದೇ ಡಬ್ಬಿಯಿಂದ ಜಿಎಲ್-5 ಸುರಿದರು, ನಾನೂ ಪಕ್ಕದಲ್ಲಿ ಚಹಾ ಕುಡಿಯುತ್ತ ನೋಡುತ್ತಿದ್ದೆ. ಆ ಎಣ್ಣೆಯಲ್ಲಿರುವ ಗಂಧಕದ ರಾಸಾಯನಿಕಗಳು ಗೇರು ಸಲೀಸಾಗಿ ಬೀಳಲು ನೆರವಾಗುವ ಸಿಂಕ್ರೋ ರಿಂಗಿನ ಹಿತ್ತಾಳೆಯನ್ನು ತಿನ್ನಬಲ್ಲವು. ಕೆಲಕಾಲದ ನಂತರ ಎರಡನೆಯ ಗೇರಿಗೆ ಇಳಿಸುವಾಗಲೆಲ್ಲ ಹಲ್ಲು ಕಡಿಯುವ ಸದ್ದು ಶುರುವಾಯಿತು. ಗೇರ್‌ಬಾಕ್ಸ್ ಇಳಿಸಿ ರಿಂಗ್ ಬದಲಾಯಿಸದೆ ಆ ಸದ್ದು ಹೋಗಲಿಲ್ಲ.

ಪ್ರಶ್ನೆ: 2005ರ ಎಂಪಿಎಫ್‌ಐ ಜಿಪ್ಸಿ ಕೊಂಡಿದ್ದೇನೆ. ಮೂವತ್ತೊಂದು ಇಂಚಿನ ಟೈರು, ನಾಲ್ಕಿಂಚಿನ ಲಿಫ್ಟ್ ಕಿಟ್, ಮುಂದೆ ಬಂಪರಿಗೆ ಕಾವಲಾಗಿ ಉಕ್ಕಿನ ಬುಲ್ ಬಾರ್, ಮೇಲೆ ಎಲ್‌ಇಡಿ ಲೈಟ್ ಬಾರ್ ಹಾಕಿಸುವ ಆಸೆಯಿದೆ. ಯಾವುದನ್ನು ಮೊದಲು ಮಾಡಲಿ?
— ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಪಟ್ಟಿಯಲ್ಲಿ ಬ್ರೇಕಿನ ಹೆಸರೇ ಇಲ್ಲದಿರುವುದು ನನ್ನನ್ನು ಚಿಂತೆಗೀಡುಮಾಡಿತು. ಮೊದಲು ಲೆಕ್ಕ ನೋಡೋಣ. ಕಂಪನಿ ಕೊಟ್ಟ 205/70 ಆರ್ 15 ಟೈರಿನ ವ್ಯಾಸ ಸುಮಾರು 668 ಮಿ.ಮೀ., ಮೂವತ್ತೊಂದು ಇಂಚೆಂದರೆ 787 ಮಿ.ಮೀ. ನೆಲದಿಂದ ಹೌಸಿಂಗಿನ ಎತ್ತರ ಹೆಚ್ಚುವುದು ಈ ವ್ಯತ್ಯಾಸದ ಅರ್ಧದಷ್ಟು ಮಾತ್ರ, ಅಂದರೆ ಆರು ಸೆಂಟಿಮೀಟರ್. ಅದಕ್ಕೆ ತೆರಬೇಕಾದ ಬೆಲೆಯೇನೆಂದರೆ ಒಟ್ಟು ಗೇರ್ ಅನುಪಾತ ಶೇ. 18ರಷ್ಟು ಸಪ್ಪೆಯಾಗಿ, 80 ಅಶ್ವಶಕ್ತಿಯ 1,298 ಸಿಸಿ ಎಂಜಿನ್ನು ಚಾರ್ಮಾಡಿಯಂಥ ಘಾಟಿಯಲ್ಲಿ ಎರಡನೆಯ ಗೇರಿನಲ್ಲೇ ಏದುಸಿರು ಬಿಡುತ್ತದೆ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 70 ದಾಟಿರುತ್ತದೆ, ಭಾರವಾದ ಚಕ್ರವನ್ನು ನಿಲ್ಲಿಸುವ ಬ್ರೇಕು ಮಾತ್ರ ಹಳೆಯದೇ. ನಾಲ್ಕಿಂಚು ಎತ್ತರಿಸಿದರೆ ಪ್ರೊಪೆಲ್ಲರ್ ಶಾಫ್ಟಿನ ಕೀಲುಗಳಾದ ಕ್ರಾಸುಗಳು ಕಡಿದಾದ ಕೋನದಲ್ಲಿ ತಿರುಗಬೇಕಾಗುತ್ತದೆ, ಬ್ರೇಕ್ ಹೋಸ್ ಗಿಡ್ಡವಾಗುತ್ತದೆ, ಮುಂದಿನ ಆಕ್ಸಲ್ಲಿನ ಓರೆ ಕೆಟ್ಟರೆ ಮೇಲೆ ಮೂಡಿಗೆರೆಯವರು ಬರೆದ ನಡುಕವನ್ನು ನೀವೇ ಹಣ ಕೊಟ್ಟು ಕರೆಸಿಕೊಂಡಂತೆ.

ಕಾನೂನೂ ನಿಮ್ಮ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ನಿಗದಿಪಡಿಸಿದ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನೇ ಎತ್ತಿಹಿಡಿಯಿತು. ಬುಲ್ ಬಾರುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿದೆ.

ಹಾಗಾದರೆ ಏನು ಮಾಡಬಹುದು? ಮೂಲ ಅಳತೆಯಲ್ಲೇ ಸಿಗುವ ಆಲ್ ಟೆರೇನ್ ಟೈರು ಹಾಕಿ, ಕೆಸರಿಗಿಳಿಯುವ ಮುನ್ನ ಗಾಳಿಯನ್ನು ಏಳೆಂಟು ಪಿಎಸ್‌ಐ ಇಳಿಸಿ, ಟಾರು ರಸ್ತೆಗೆ ಮರಳುವ ಮುನ್ನ ಮತ್ತೆ ತುಂಬಿಸಿ. ಜಾರುವ ಕಾಡುದಾರಿಯಲ್ಲಿ ಲಿಫ್ಟ್ ಕಿಟ್ಟಿಗಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬೆಳಕು ಸಾಲದೆನ್ನಿಸಿದರೆ ಲೈಟ್ ಬಾರ್ ಕೊಳ್ಳುವ ಮೊದಲು ಎಂಜಿನ್ ಚಾಲೂ ಇರುವಾಗ ಬ್ಯಾಟರಿಯ ಬಳಿ ಮತ್ತು ಹೆಡ್‌ಲೈಟ್ ಬಲ್ಬಿನ ಬಳಿ ವೋಲ್ಟೇಜ್ ಅಳೆದು ನೋಡಿ. ಹಳೆಯ ಗಾಡಿಗಳಲ್ಲಿ ದೀಪದ ಕರೆಂಟೆಲ್ಲ ಸವೆದ ಸ್ವಿಚ್ಚಿನ ಮೂಲಕ ಹಾಯುವುದರಿಂದ ದಾರಿಯಲ್ಲೇ ಒಂದೆರಡು ವೋಲ್ಟು ಸೋರಿಹೋಗಿರುತ್ತದೆ. ಬ್ಯಾಟರಿಯಿಂದ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚು) ಮೂಲಕ ದಪ್ಪ ವೈರು ಎಳೆದು, ಸ್ವಿಚ್ಚಿಗೆ ರಿಲೇಯನ್ನು ಆಡಿಸುವ ಕೆಲಸವನ್ನಷ್ಟೇ ಬಿಟ್ಟರೆ, ಮೊದಲಿನ ಬಲ್ಬೇ ಹೊಸದರಂತೆ ಉರಿಯುತ್ತದೆ.

ಪ್ರಶ್ನೆ: ನಮ್ಮ ಹಳೆಯ ಮಹೀಂದ್ರ ಎಂಎಂ540 ಡೀಸೆಲ್ ಜೀಪು ಬೆಳಿಗ್ಗೆ ಚಾಲೂ ಆಗಲು ಬಹಳ ಸತಾಯಿಸುತ್ತದೆ. ಒಮ್ಮೆ ಚಾಲೂ ಆದರೆ ದಿನವಿಡೀ ತೊಂದರೆಯಿಲ್ಲ. ಏರ್ ಫಿಲ್ಟರಿಗೆ ಸ್ಪ್ರೇ ಹೊಡೆದು ಚಾಲೂ ಮಾಡುವ ಉಪಾಯವನ್ನು ಒಬ್ಬರು ಹೇಳಿಕೊಟ್ಟಿದ್ದಾರೆ.
— ಓದುಗರೊಬ್ಬರು, ಸೋಮವಾರಪೇಟೆ

ಉತ್ತರ: ಆ ಉಪಾಯವನ್ನು ಇಂದೇ ಬಿಡಿ. ಈ ಜೀಪಿನಲ್ಲಿರುವ ಪ್ಯೂಜೋ ಮೂಲದ ಎಂಜಿನ್ನಿಗೆ, ಚಾಲೂ ಮಾಡುವಾಗ ಅದರ ಒಳಗನ್ನು ಕಾಯಿಸುವ ಹೀಟರ್ ಪ್ಲಗ್ಗುಗಳಿವೆ. ಕೆಂಪಗೆ ಕಾದ ಪ್ಲಗ್ಗಿಗೆ ಆ ಸ್ಪ್ರೇಯಲ್ಲಿರುವ ಈಥರ್ ಬೆರೆತ ಗಾಳಿ ತಗುಲಿದರೆ ಅಕಾಲದಲ್ಲಿ ಸ್ಫೋಟಗೊಂಡು ಪಿಸ್ಟನ್ನನ್ನೇ ಒಡೆಯಬಲ್ಲದು. ನಿಮ್ಮ ವಿವರಣೆ ಹೆಚ್ಚಾಗಿ ಬೆರಳು ತೋರುವುದು ಆ ಪ್ಲಗ್ಗುಗಳ ಕಡೆಗೇ. ಪ್ಲಗ್ಗುಗಳಿಗೆ ಹೋಗುವ ಪಟ್ಟಿಯನ್ನು ಬಿಚ್ಚಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿಯ ಪಾಸಿಟಿವ್‌ಗೆ ಕೊಟ್ಟು ಇನ್ನೊಂದನ್ನು ಒಂದೊಂದು ಪ್ಲಗ್ಗಿನ ತುದಿಗೂ ಮುಟ್ಟಿಸಿ. ದೀಪ ಹತ್ತದ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಎರಡು ಸತ್ತರೂ ಬೇಸಿಗೆಯಲ್ಲಿ ಗೊತ್ತಾಗುವುದಿಲ್ಲ, ಮಡಿಕೇರಿ ಸುತ್ತಿನ ಚಳಿಗೆ ಗೊತ್ತಾಗುತ್ತದೆ.

ಪ್ಲಗ್ಗುಗಳೆಲ್ಲ ಸರಿಯಿದ್ದರೆ ರಾತ್ರಿ ಡೀಸೆಲ್ ಟ್ಯಾಂಕಿಗೆ ಹಿಂದೆ ಸರಿದು ಲೈನಿನಲ್ಲಿ ಏರ್ ಹಿಡಿಯುತ್ತಿರಬಹುದು. ಫಿಲ್ಟರ್ ಮತ್ತು ಪಂಪಿನ ನಡುವೆ ಅಂಗೈಯುದ್ದದ ಪಾರದರ್ಶಕ ಡೀಸೆಲ್ ಹೋಸನ್ನು ತಾತ್ಕಾಲಿಕವಾಗಿ ಜೋಡಿಸಿ ಬೆಳಿಗ್ಗೆ ನೋಡಿದರೆ ಗುಳ್ಳೆಗಳು ಸಾಲಾಗಿ ಓಡುವುದು ಕಾಣುತ್ತದೆ. ಗಟ್ಟಿಯಾದ ಹಳೆಯ ಹೋಸ್, ಒಣಗಿದ ಫಿಲ್ಟರ್ ವಾಷರ್, ಸಡಿಲ ಕ್ಲಿಪ್, ಈ ಮೂರರಲ್ಲೊಂದು ಸಾಮಾನ್ಯವಾಗಿ ಕಾರಣವಾಗಿರುತ್ತದೆ. ಬ್ಯಾಟರಿಯಿಂದ ಎಂಜಿನ್ನಿಗೆ ಹೋಗುವ ಅರ್ತ್ ಪಟ್ಟಿಯನ್ನೂ ಬಿಚ್ಚಿ, ಉಜ್ಜಿ, ಮತ್ತೆ ಬಿಗಿ ಮಾಡಿ. ಸೆಲ್ಫ್ ನಿಧಾನ ತಿರುಗಿದರೆ ಪ್ಲಗ್ಗೂ ಪಂಪೂ ಸರಿಯಿದ್ದು ಫಲವಿಲ್ಲ.

ಪ್ರಶ್ನೆ: ಕಡಲ ಬದಿಯಲ್ಲಿ ನಮ್ಮ ಮನೆ. ಜಿಪ್ಸಿಯ ಆರ್‌ಸಿ ಅವಧಿ ಮೂರು ತಿಂಗಳಲ್ಲಿ ಮುಗಿಯುತ್ತದೆ, ಚಾಸಿಗೆ ತುಕ್ಕು ಹಿಡಿದಿದೆ. ಕಪ್ಪು ಕೋಟಿಂಗ್ ಹೊಡೆಸಿ ಆರ್‌ಟಿಒಗೆ ಒಯ್ಯಬಹುದೇ? ಹದಿನೈದು ವರ್ಷ ದಾಟಿದ ಗಾಡಿಯನ್ನು ಗುಜರಿಗೆ ಹಾಕಲೇಬೇಕೆಂದು ಕೆಲವರು ಹೆದರಿಸುತ್ತಾರೆ.
— ಓದುಗರೊಬ್ಬರು, ಕುಂದಾಪುರ

ಉತ್ತರ: ಹೆದರಬೇಡಿ. ಸ್ವಂತ ಬಳಕೆಯ ವಾಹನದ ನೋಂದಣಿ ಮೊದಲಿಗೆ ಹದಿನೈದು ವರ್ಷಕ್ಕೆ ಇರುತ್ತದೆ, ಆ ಬಳಿಕ ತಪಾಸಣೆಯಲ್ಲಿ ಪಾಸಾದರೆ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಫಾರಂ 25ರಲ್ಲಿ ಅರ್ಜಿ ಕೊಟ್ಟು, ಶುಲ್ಕದ ಜೊತೆಗೆ ಹಸಿರು ತೆರಿಗೆಯನ್ನೂ ಕಟ್ಟಬೇಕಾಗುತ್ತದೆ.

ಕೋಟಿಂಗನ್ನು ಮಾತ್ರ ಈಗಲೇ ಹೊಡೆಸಬೇಡಿ. ತುಕ್ಕಿನ ಮೇಲೆ ಬಳಿದ ಡಾಂಬರು ಉಪ್ಪುನೀರನ್ನು ಒಳಗೇ ಹಿಡಿದಿಟ್ಟು, ಮೇಲೆ ಹೊಳೆಯುತ್ತಲೇ ಕೆಳಗೆ ಕಬ್ಬಿಣವನ್ನು ತಿನ್ನಿಸುತ್ತದೆ. ಸಣ್ಣ ಸುತ್ತಿಗೆಯಿಂದ ಚಾಸಿಯನ್ನು ಉದ್ದಕ್ಕೂ ತಟ್ಟುತ್ತ ಹೋಗಿ, ಸ್ಪ್ರಿಂಗ್ ಹ್ಯಾಂಗರುಗಳ ಬುಡದಲ್ಲಿ ಮತ್ತು ಬಾಡಿ ಕೂರುವ ಕಡೆಗಳಲ್ಲಿ ಹೆಚ್ಚು ಗಮನವಿಡಿ. ಗಟ್ಟಿ ಕಬ್ಬಿಣ ಗಂಟೆಯಂತೆ ದನಿಗೊಡುತ್ತದೆ, ಕೊಳೆತದ್ದು 'ಬದ್' ಎನ್ನುತ್ತದೆ. ಅಂಥ ಕಡೆ ಪುಟ್ಟಿ ಮೆತ್ತದೆ, ಕೊಳೆತ ಭಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ತಗಡಿನಿಂದ ವೆಲ್ಡ್ ಮಾಡಿಸಿ. ಆಮೇಲೆ ಪ್ರೈಮರ್, ಪೇಂಟು, ಎಲ್ಲ ಒಣಗಿದ ನಂತರ ಚಾಸಿಯ ಟೊಳ್ಳಿನೊಳಗೆ ಮೇಣದ ಸ್ಪ್ರೇ. ನೀರು ಇಳಿದುಹೋಗಲು ಬಿಟ್ಟಿರುವ ತೂತುಗಳನ್ನು ಮುಚ್ಚಬೇಡಿ. ಕೆಲಸದವರಿಗೆ ಗ್ರೈಂಡರ್ ಕೊಡುವ ಮೊದಲು ಚಾಸಿ ನಂಬರ್ ಕೊರೆದ ಜಾಗಕ್ಕೆ ದಪ್ಪ ಟೇಪು ಅಂಟಿಸಿ, ಅಲ್ಲಿ ಕೈಯಿಂದ ಮಾತ್ರ ತಂತಿ ಬ್ರಷ್ ಆಡಿಸಲು ಹೇಳಿ. ತಪಾಸಣೆಯ ದಿನ ಆ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅದರಲ್ಲಿ ಒಂದು ಅಂಕಿ ಮೂಡದಿದ್ದರೂ ನೀವು ಮಾಡಿಸಿದ ವೆಲ್ಡಿಂಗನ್ನು ನೋಡುವ ಮೊದಲೇ ಅರ್ಜಿ ವಾಪಸು ಬರಬಹುದು.